ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ಬಿಸಿಲಿನ ಪರೀಕ್ಷೆ: ಚಾವಣಿಯ ಮೇಲೋ, ಯಂತ್ರದ ಒಳಗೋ?

ತುಮಕೂರಿನ ವಸಂತನರಸಾಪುರದಲ್ಲಿ, ಕೋಲಾರದ ನರಸಾಪುರ, ವೇಮಗಲ್ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಸಾರ್, ಲ್ಯಾಬ್‌ನಲ್ಲಿ 1000 ಗಂಟೆ ಯುವಿ ಪಾಸಾಗಿದೆ. ಹೊರಗೆ ಎಷ್ಟು ವರ್ಷ ಬಾಳುತ್ತೆ?" ಯುವಿ ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಲ್ಯಾಬ್‌ನ ಯಂತ್ರದಲ್ಲಿ ದೀಪದಿಂದ ಅದನ್ನು ಮಾಲಿನ ಮೇಲೆ ಬಿಟ್ಟು ನೋಡುತ್ತಾರೆ. ಮಾಲು ಕೊಳ್ಳುವವರು ವಾರಂಟಿ ಕೇಳುತ್ತಾರೆ. ಹಾಗಾಗಿ ಈ ಪ್ರಶ್ನೆ ಹುಟ್ಟುವುದು ಸಹಜ. ಆದರೆ ಎಲ್ಲ ಮಾಲಿಗೂ ಹೊಂದುವಂತೆ ಗಂಟೆಯನ್ನು ವರ್ಷಕ್ಕೆ ತಿರುಗಿಸಿಕೊಡುವ ಸೂತ್ರ ಯಾರ ಹತ್ತಿರವೂ ಇಲ್ಲ. ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಹೊರಡಿಸುವ ಪರೀಕ್ಷಾ ಮಾನದಂಡಗಳ ಪಠ್ಯದಲ್ಲೇ ಈ ಎಚ್ಚರಿಕೆ ಇದೆ. ಒಂದೇ ಯಂತ್ರದಲ್ಲಿ ಒಂದು ಪ್ಲಾಸ್ಟಿಕ್ಕಿಗೆ 1000 ಗಂಟೆ ಅಂದರೆ ಒಂದು ವರ್ಷ ಆಗಬಹುದು. ಪಕ್ಕದಲ್ಲೇ ಇಟ್ಟ ಇನ್ನೊಂದಕ್ಕೆ ಅದು ನಾಲ್ಕು ತಿಂಗಳೂ ಆಗದಿರಬಹುದು.

ಹಾಗಾದರೆ ಪರೀಕ್ಷೆ ಯಾಕೆ? ಹೋಲಿಸಿ ನೋಡುವುದಕ್ಕೆ. ಈ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣ, ಸೇರ್ಪಡೆಗಳ ದಟ್ಟ ಮಿಶ್ರಣ) ಒಳ್ಳೆಯದೋ ಅದೋ, ಈ ಪೌಡರ್ (ಲೋಹಕ್ಕೆ ಪುಡಿಯಾಗಿ ಹಾಕಿ ಕಾಯಿಸಿ ಅಂಟಿಸುವ ಬಣ್ಣ) ಮೊದಲು ಮಾಸುತ್ತದೋ ಆ ಪೌಡರೋ ಅಂತ ತಿಳಿಯುವುದಕ್ಕೆ. ಈ ಕೆಲಸವನ್ನು ಒಳ್ಳೆಯ ಪರೀಕ್ಷೆ ಚೆನ್ನಾಗಿ ಮಾಡುತ್ತದೆ. ಯಾವ ಪರೀಕ್ಷೆ ಆರಿಸಬೇಕು ಅನ್ನುವುದಕ್ಕೆ ನಾನು ನಂಬಿರುವ ದಾರಿ ಒಂದೇ. ನಿಮ್ಮ ವಸ್ತು ಹೊರಗೆ ಯಾವ ರೀತಿ ಕೆಡುತ್ತದೆ ಅಂತ ಮೊದಲು ನೋಡಿ. ಅದೇ ರೀತಿ ಕೆಡಿಸುವ ಪರೀಕ್ಷೆಯನ್ನು ಆರಿಸಿ.

ಮೊದಲು ನೋಡಬೇಕಾದದ್ದು: ಹೇಗೆ ಕೆಡುತ್ತಿದೆ?

ನೆಲಕ್ಕೆ ತಲುಪುವ ಬಿಸಿಲಿನಲ್ಲಿ ನೇರಳಾತೀತ ಕಿರಣಗಳ ಪಾಲು ಸುಮಾರು 5 ರಿಂದ 6 ಶೇಕಡ ಮಾತ್ರ. ಅಲೆಯುದ್ದ ಸುಮಾರು 295 ರಿಂದ 400 ನ್ಯಾನೊಮೀಟರ್. ಹಾಳು ಮಾಡುವುದರಲ್ಲಿ ಹೆಚ್ಚಿನ ಕೈ ಇದರದೇ. ಶಾಖ, ನೀರು, ಗಾಳಿಯ ಆಮ್ಲಜನಕ ಜೊತೆಗೆ ಸೇರಿಕೊಳ್ಳುತ್ತವೆ.

ಪಾಲಿಪ್ರೊಪಿಲೀನ್ ಹಗ್ಗ, ಚೀಲಗಳಿಗೆ ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ ಹಾಕದಿದ್ದರೆ ಒಂದು ಬೇಸಿಗೆಯಲ್ಲೇ ಪುಡಿಪುಡಿ. ಪಾಲಿಥೀನ್ ಅದಕ್ಕಿಂತ ಸ್ವಲ್ಪ ತಾಳುತ್ತದೆ, ಆಮೇಲೆ ಹಿಗ್ಗುವ ಗುಣ ಕಳೆದುಕೊಂಡು ಚಟ್ಟನೆ ಹರಿಯುತ್ತದೆ. ಪಿವಿಸಿ ಹಳದಿಗೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಲಿಕಾರ್ಬೊನೇಟ್ ಶೀಟು ಮೇಲ್ಮೈಯಲ್ಲಿ ಹಳದಿಯಾಗಿ ಮಬ್ಬಾಗುತ್ತದೆ. ಎಪಾಕ್ಸಿ ಬಣ್ಣ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಬಿಸಿಲಿಗೆ ಬಿಟ್ಟರೆ ಮಾತ್ರ ಬೇಗ ಪುಡಿ ಏಳುತ್ತದೆ. ಬೆರಳಿಟ್ಟು ಒರೆಸಿದರೆ ಸುಣ್ಣ ಅಂಟಿದ ಹಾಗೆ ಕೈಗೆ ಬರುತ್ತದಲ್ವಾ, ಅದು. ಪಾಲಿಯೆಸ್ಟರ್ ಪೌಡರ್ ಕೋಟಿಂಗ್‌ನಲ್ಲಿ ಮೊದಲು ಹೋಗುವುದು ಹೊಳಪು, ಆಮೇಲೆ ಬಣ್ಣ.

ಇವುಗಳಲ್ಲಿ ನಿಮ್ಮದು ಯಾವುದು? ಬಣ್ಣ ಮಾಸುವುದಾ, ಹೊಳಪು ಹೋಗುವುದಾ, ಬಿರುಕಾ, ಬಲ ಕುಗ್ಗುವುದಾ, ಬಣ್ಣದ ಕೆಳಗೆ ತುಕ್ಕಾ? ವಾಪಸ್ ಬಂದ ಹಳೆಯ ಮಾಲನ್ನು ಕೈಗೆ ತೆಗೆದುಕೊಂಡು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲ್ಯಾಬ್‌ಗೆ ಫೋನ್ ಮಾಡುವುದು ಅದಾದ ಮೇಲೆ.

ಚಾವಣಿಯ ಸ್ಟ್ಯಾಂಡು

ಎಲ್ಲ ಆಯ್ಕೆಗಳಲ್ಲಿ ತೀರಾ ಅಗ್ಗದ್ದು ಇದು. ಜನ ತೀರಾ ಕಡೆಗಣಿಸುವುದೂ ಇದನ್ನೇ. ಕಾರ್ಖಾನೆಯ ಚಾವಣಿಯ ಮೇಲೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಚೌಕಟ್ಟು. ಅದಕ್ಕೆ ಸ್ಯಾಂಪಲ್ ಪಟ್ಟಿಗಳು. ಮುಖ ದಕ್ಷಿಣಕ್ಕೆ. ಅಷ್ಟೇ.

ಜಗತ್ತಿನಲ್ಲಿ ಹೊರಾಂಗಣ ಪರೀಕ್ಷೆಗೆ ಎರಡು ಜಾಗ ಅಳತೆಗೋಲಾಗಿವೆ. ಅಮೆರಿಕದ ದಕ್ಷಿಣ ಫ್ಲಾರಿಡಾ, ಬಿಸಿಲು ಮತ್ತು ತೇವಕ್ಕೆ. ಅರಿಜೋನಾದ ಮರುಭೂಮಿ, ಬಿಸಿಲು ಮತ್ತು ಒಣ ಶಾಖಕ್ಕೆ. ಕಟ್ಟಡಗಳ ಅಲ್ಯೂಮಿನಿಯಂ ಮೇಲಿನ ಲೇಪನಕ್ಕೆ ಅಮೆರಿಕದ ಮಾನದಂಡಗಳು ಫ್ಲಾರಿಡಾವನ್ನೇ ಹೇಳುತ್ತವೆ. ಎಎಎಂಎ 2603ಕ್ಕೆ 1 ವರ್ಷ, 2604ಕ್ಕೆ 5 ವರ್ಷ, 2605ಕ್ಕೆ 10 ವರ್ಷ. ಯುರೋಪಿನ ಲೇಪನ ಗುಣಮಟ್ಟದ ಮುದ್ರೆ ಕ್ವಾಲಿಕೋಟ್‌ನಲ್ಲೂ ಕ್ಲಾಸ್ 1, 2, 3ಕ್ಕೆ ಫ್ಲಾರಿಡಾದ 1, 3, 10 ವರ್ಷ. ಪೌಡರ್ ಮಾರುವವರ ಹತ್ತಿರ ಈ ಕಾಗದ ಇದ್ದರೆ ಅದಕ್ಕೆ ಒಳ್ಳೆಯ ಬೆಲೆ ಇದೆ. ಅದು ನಿಜವಾದ ಬಿಸಿಲಲ್ಲಿ ನಿಂತು ಬಂದ ಫಲಿತಾಂಶ.

ಆದರೆ ಫ್ಲಾರಿಡಾದ ಕೋನವನ್ನು ಹಾಗೇ ನಕಲು ಮಾಡಬೇಡಿ. ಅಲ್ಲಿ ಸ್ಯಾಂಪಲ್ಲುಗಳನ್ನು 45 ಡಿಗ್ರಿ ಓರೆಯಾಗಿ ಇಡುವುದು ಹಳೆಯ ರೂಢಿ. ಆ ಜಾಗ ಇರುವುದು 25 ರಿಂದ 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ 13 ಡಿಗ್ರಿಯ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಜೂನ್ ಮಧ್ಯಾಹ್ನ ದಕ್ಷಿಣಕ್ಕೆ 45 ಡಿಗ್ರಿ ಬಾಗಿದ ಪಟ್ಟಿಯ ಮೇಲೆ ನೇರ ಬಿಸಿಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ, ಅಷ್ಟೇ. ಅದೇ 5 ಡಿಗ್ರಿ ಇಟ್ಟರೆ ಹೆಚ್ಚು ಕಡಿಮೆ ಪೂರ್ತಿ ಬೀಳುತ್ತದೆ. ನಮ್ಮ ಊರಿಗೆ 5 ರಿಂದ 15 ಡಿಗ್ರಿ ಸರಿ. 5 ಡಿಗ್ರಿಯಲ್ಲಿ ಇನ್ನೂ ಒಂದು ವಿಷಯ ಇದೆ. ನೀರು ಬೇಗ ಜಾರುವುದಿಲ್ಲ, ಧೂಳು ಕೂರುತ್ತದೆ, ಪರೀಕ್ಷೆ ಕಠಿಣವಾಗುತ್ತದೆ. ವಸ್ತು ಕೆಲಸ ಮಾಡುವಾಗ ಗೋಡೆಗೆ ಅಂಟಿ ನೆಟ್ಟಗೆ ನಿಲ್ಲುವುದಾದರೆ ಒಂದೆರಡು ಪಟ್ಟಿಯನ್ನು ನೆಟ್ಟಗೂ ಕಟ್ಟಿ.

ನಮ್ಮ ಬಿಸಿಲಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಈ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ಮಟ್ಟಸ ನೆಲದ ಮೇಲೆ ದಿನಕ್ಕೆ ಸರಾಸರಿ ಸುಮಾರು 5.5 ಯೂನಿಟ್ (ಕಿಲೊವ್ಯಾಟ್-ಗಂಟೆ) ಸೌರಶಕ್ತಿ ಬೀಳುತ್ತದೆ. ವರ್ಷಕ್ಕೆ ಸುಮಾರು 2000 ಯೂನಿಟ್. ನೇರಳಾತೀತದ ಪಾಲು 5 ಶೇಕಡ ಅಂತ ಹಿಡಿದರೆ 100 ಯೂನಿಟ್, ಅಂದರೆ 360 ಮೆಗಾಜೂಲ್. ಪಾಲಿಹೌಸ್ ಫಿಲ್ಮ್, ಶೇಡ್ ನೆಟ್ ಮಾರುವವರ ಕಾಗದದಲ್ಲಿ ಕಿಲೊಲ್ಯಾಂಗ್ಲಿ ಅನ್ನುವ ಅಳತೆ ಇರುತ್ತದೆ. ಒಂದು ಕಿಲೊಲ್ಯಾಂಗ್ಲಿ ಅಂದರೆ ಚದರ ಮೀಟರಿಗೆ 41.84 ಮೆಗಾಜೂಲ್ ಒಟ್ಟು ಬಿಸಿಲು. ನಮ್ಮ 2000 ಯೂನಿಟ್ಟನ್ನು ಈ ಅಳತೆಗೆ ತಿರುಗಿಸಿದರೆ ವರ್ಷಕ್ಕೆ ಸುಮಾರು 170 ಆಗುತ್ತದೆ. ಮಧ್ಯ ಯುರೋಪಿನಲ್ಲಿ ಇದು 100ರ ಒಳಗೆ.

ಇದರ ಅರ್ಥ ನೇರವಾಗಿದೆ. 400 ಕಿಲೊಲ್ಯಾಂಗ್ಲಿ ತಾಳುವ ಫಿಲ್ಮು ಅಲ್ಲಿ ನಾಲ್ಕು ವರ್ಷ ಬಂದರೆ ಇಲ್ಲಿ ಎರಡೂಕಾಲು ವರ್ಷದ ಸುತ್ತಮುತ್ತ. "ನಾಲ್ಕು ವರ್ಷದ ಫಿಲ್ಮು" ಅಂತ ಯಾರಾದರೂ ಹೇಳಿದರೆ ಯಾವ ಊರಿನ ನಾಲ್ಕು ವರ್ಷ ಅಂತ ಕೇಳಿ. ಕಿಲೊಲ್ಯಾಂಗ್ಲಿ ಸಂಖ್ಯೆ ಕೇಳಿ, 170ರಿಂದ ಭಾಗಿಸಿ. ಪರೀಕ್ಷೆಗೆ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಈ ಲೆಕ್ಕ ಮಾಡಬಹುದು.

ಚಾವಣಿಯ ಪರೀಕ್ಷೆಯ ದೊಡ್ಡ ಕೊರತೆ ಕಾಲ. ಈ ವರ್ಷದ ಬಿಸಿಲು, ಮಳೆ ಮುಂದಿನ ವರ್ಷದ ಹಾಗೇ ಇರುವುದಿಲ್ಲ. ಹಾಗಾಗಿ ಬೇರೆ ಬೇರೆ ಕಾಲದಲ್ಲಿ ಇಟ್ಟ ಸ್ಯಾಂಪಲ್ಲುಗಳನ್ನು ಒಂದಕ್ಕೊಂದು ಹೋಲಿಸಬಾರದು. ಹೋಲಿಸಬೇಕಾದ್ದನ್ನೆಲ್ಲ ಒಂದೇ ದಿನ ಕಟ್ಟಬೇಕು. ಜೊತೆಗೆ ನಿಮಗೆ ಈಗಾಗಲೇ ಗೊತ್ತಿರುವ ಎರಡು ಮಾಲು ಇರಲೇಬೇಕು, ಚೆನ್ನಾಗಿ ಬಾಳಿದ್ದು ಒಂದು, ಬೇಗ ಕೆಟ್ಟದ್ದು ಒಂದು. ಪ್ರತಿಯೊಂದರ ಒಂದು ತುಂಡು ಕಪಾಟಿನ ಕತ್ತಲಲ್ಲಿ ಇರಲಿ, ಆಮೇಲೆ ಪಕ್ಕದಲ್ಲಿಟ್ಟು ನೋಡುವುದಕ್ಕೆ. ಕೋಲಾರದ ಕೆಮ್ಮಣ್ಣಿನ ಧೂಳು, ಚಿಕ್ಕಬಳ್ಳಾಪುರದ ಕ್ರಷರ್ ಧೂಳು ಎರಡೂ ಬಣ್ಣದ ಅಳತೆಯನ್ನು ಕೆಡಿಸುತ್ತವೆ. ಅಳೆಯುವ ಮುಂಚೆ ಅರ್ಧ ಪಟ್ಟಿಯನ್ನು ಮೆತ್ತಗಿನ ಬಟ್ಟೆಯಲ್ಲಿ ತೊಳೆದು, ಇನ್ನರ್ಧ ಹಾಗೇ ಬಿಟ್ಟು, ಎರಡನ್ನೂ ಬರೆದಿಡಿ.

ಟ್ಯೂಬ್ ಲೈಟಿನ ಯಂತ್ರ: ಫ್ಲೊರೆಸೆಂಟ್ ಯುವಿ

ಕ್ಯೂಯುವಿ ಅನ್ನುವ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವುದು ಇದೇ. ಅದು ಒಂದು ಬ್ರಾಂಡಿನ ಹೆಸರು, ಬೇರೆಯವರೂ ಇಂಥ ಯಂತ್ರ ಮಾಡುತ್ತಾರೆ. ಎಎಸ್‌ಟಿಎಂ ಜಿ154, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4892ರ ಮೂರನೇ ಭಾಗ ಇದಕ್ಕೆ ಸಂಬಂಧಿಸಿದ್ದು. ಜಿ154ರಲ್ಲಿ ತುಂಬಾ ಬಳಕೆಯಲ್ಲಿರುವ ಸೈಕಲ್ ಹೀಗಿದೆ: 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ಬೆಳಕು, ಆಮೇಲೆ 50 ಡಿಗ್ರಿಯಲ್ಲಿ 4 ಗಂಟೆ ಕತ್ತಲು ಮತ್ತು ಇಬ್ಬನಿ.

ಈ ಇಬ್ಬನಿಯೇ ಇದರ ಬಲ. ಹೊರಗೆ ವಸ್ತುವನ್ನು ನೆನೆಸುವುದು ಮಳೆಗಿಂತ ಜಾಸ್ತಿ ಇಬ್ಬನಿ. ನಂದಿ ಬೆಟ್ಟದ ಸುತ್ತ ಚಳಿಗಾಲದಲ್ಲಿ ರಾತ್ರಿಯೆಲ್ಲ ಪಾಲಿಹೌಸ್ ಮೇಲೆ ನೀರು ಕೂತಿರುತ್ತದೆ. ಯಂತ್ರದಲ್ಲಿ ತಳದ ನೀರನ್ನು ಕಾಯಿಸಿ ಆವಿ ಮಾಡಿ, ಸ್ಯಾಂಪಲ್ ಮೇಲೆ ಹನಿಗಟ್ಟಿಸುತ್ತಾರೆ. ಆವಿಯಾಗಿ ಬಂದ ನೀರು ತಾನೇ ಶುದ್ಧ. ಹಾಗಾಗಿ ಇಬ್ಬನಿ ಸೈಕಲ್ಲಿಗೆ ಸಾಮಾನ್ಯ ನಲ್ಲಿ ನೀರು ಸಾಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಗೊತ್ತಿರುವವರಿಗೆ ಇದು ಎಂಥ ಅನುಕೂಲ ಅಂತ ಬೇರೆ ಹೇಳಬೇಕಿಲ್ಲ. ತಳದಲ್ಲಿ ಉಪ್ಪು ಕಟ್ಟಿದ್ದನ್ನು ಆಗಾಗ ಕೆರೆದು ತೆಗೆಯಬೇಕು, ಅಷ್ಟೇ. ಕರೆಂಟೂ ಕಡಿಮೆ ಎಳೆಯುತ್ತದೆ. ನಡೆಸುವುದೂ ಸುಲಭ.

ಆದರೆ ದೀಪದ ಹೆಸರು ಕೇಳಲೇಬೇಕು. ಯುವಿಎ-340 ದೀಪ 295 ರಿಂದ ಸುಮಾರು 365 ನ್ಯಾನೊಮೀಟರ್ ತನಕ ನಿಜವಾದ ಬಿಸಿಲನ್ನು ತುಂಬಾ ಚೆನ್ನಾಗಿ ಹೋಲುತ್ತದೆ. ಯುವಿಬಿ-313 ದೀಪ ಹಾಗಲ್ಲ. ಅದು 295ಕ್ಕಿಂತ ಕೆಳಗಿನ, ಭೂಮಿಗೆ ತಲುಪದ ಕಿರಣಗಳನ್ನೂ ಸುರಿಯುತ್ತದೆ. ಬೇಗ ಫಲಿತಾಂಶ ಬರುತ್ತದೆ ಅಂತ ಕೆಲವರಿಗೆ ಅದು ಇಷ್ಟ. ಮುದ್ದೆಗೆ ಉರಿ ಜಾಸ್ತಿ ಮಾಡಿದರೆ ಬೇಗ ಬೇಯುವುದಿಲ್ಲ, ತಳ ಹಿಡಿಯುತ್ತದೆ. ಇಲ್ಲೂ ಹಾಗೇ. ಹೊರಗೆ ಎಂದೂ ನಡೆಯದ ರಾಸಾಯನಿಕ ಕ್ರಿಯೆ ಒಳಗೆ ನಡೆದು, ಒಳ್ಳೆಯ ವಸ್ತು ಕೆಟ್ಟದ್ದರ ಹಾಗೆ, ಕೆಟ್ಟದ್ದು ಒಳ್ಳೆಯದರ ಹಾಗೆ ಕಾಣಬಹುದು. ಒಂದೇ ಮಾಲಿನ ಬ್ಯಾಚ್‌ನಿಂದ ಬ್ಯಾಚ್‌ಗೆ ಗುಣಮಟ್ಟ ನೋಡುವುದಕ್ಕೆ 313 ನಡೆಯುತ್ತದೆ. ಎರಡು ಬೇರೆ ಬೇರೆ ವಸ್ತು ಹೋಲಿಸುವುದಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಇನ್ನೊಂದು ಮಿತಿ ಬಣ್ಣದ್ದು. ಯುವಿಎ-340ರಲ್ಲಿ ಕಣ್ಣಿಗೆ ಕಾಣುವ ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಷ್ಟೋ ಕೆಂಪು, ಹಳದಿ, ನೀಲಿ ಪಿಗ್ಮೆಂಟುಗಳು ಮಾಸುವುದರಲ್ಲಿ ಆ ಬೆಳಕಿನ ಕೈಯೂ ಇದೆ. ಹಾಗಾಗಿ ಹೊಳಪು ಹೋಗುವುದು, ಪುಡಿ ಏಳುವುದು, ಬಿರುಕು, ಪ್ಲಾಸ್ಟಿಕ್ಕಿನ ಬಲ ಕುಗ್ಗುವುದು, ಇವಕ್ಕೆ ಈ ಯಂತ್ರ. ಬಣ್ಣ ಮಾಸುವುದೇ ನಿಮ್ಮ ದೂರು ಆದರೆ ಮುಂದಿನದಕ್ಕೆ ಹೋಗಿ.

ಝೆನಾನ್

ಝೆನಾನ್ ದೀಪದ ಬೆಳಕನ್ನು ಸರಿಯಾದ ಫಿಲ್ಟರ್‌ನಿಂದ ಸೋಸಿದರೆ ನೇರಳಾತೀತ, ಕಾಣುವ ಬೆಳಕು, ಅವಕೆಂಪು ಮೂರೂ ಸೇರಿದ ಪೂರ್ತಿ ಬಿಸಿಲು ಸಿಗುತ್ತದೆ. ಬಣ್ಣದ ವಿಷಯಕ್ಕೆ ಇದೇ ಸರಿ. ಕಾರಿನ ಹೊರಭಾಗಗಳಿಗೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2527, ಒಳಭಾಗಗಳಿಗೆ ಜೆ2412 ಎರಡೂ ಝೆನಾನ್ ಪರೀಕ್ಷೆಗಳು. ನರಸಾಪುರದ ಸುತ್ತ ವಾಹನದ ಬಿಡಿಭಾಗ ಮಾಡುವವರಿಗೆ ಆಯ್ಕೆಯೇ ಇರುವುದಿಲ್ಲ, ಕಂಪನಿಯ ಡ್ರಾಯಿಂಗ್‌ನಲ್ಲೇ ಬರೆದಿರುತ್ತದೆ.

ಪ್ಲಾಸ್ಟಿಕ್ಕಿಗೆ ಐಎಸ್‌ಒ 4892ರ ಎರಡನೇ ಭಾಗ, ಇಲ್ಲವೇ ಎಎಸ್‌ಟಿಎಂ ಜಿ155. ಹಳೆಯ, ಪ್ರಸಿದ್ಧ ಸೈಕಲ್ಲಿನಲ್ಲಿ 102 ನಿಮಿಷ ಬರೀ ಬೆಳಕು, 18 ನಿಮಿಷ ಬೆಳಕಿನ ಜೊತೆ ನೀರಿನ ಸಿಂಪಡಣೆ. ಐಎಸ್‌ಒ ಪ್ರಕಾರ 300 ರಿಂದ 400 ನ್ಯಾನೊಮೀಟರ್ ನಡುವೆ ಚದರ ಮೀಟರಿಗೆ 60 ವ್ಯಾಟ್. 1000 ಗಂಟೆಗೆ 60 ಯೂನಿಟ್ ಆಯಿತು. ನಮ್ಮ ಚಾವಣಿಯ ಮೇಲೆ ವರ್ಷಕ್ಕೆ ಬೀಳುವುದು 100 ಅಂತ ಆಗಲೇ ನೋಡಿದೆವು. ಬೆಳಕಿನ ಲೆಕ್ಕದಲ್ಲಿ 1000 ಗಂಟೆ ಅಂದರೆ ಇಲ್ಲಿಯ ಏಳು ತಿಂಗಳು. "1000 ಗಂಟೆ ಪಾಸ್, ಐದು ವರ್ಷ ಗ್ಯಾರಂಟಿ" ಅಂತ ಬರೆದ ಬ್ರೋಷರ್ ಕೈಗೆ ಬಂದರೆ ಈ ಏಳು ತಿಂಗಳನ್ನು ನೆನಪಿಟ್ಟುಕೊಳ್ಳಿ. ಇದೂ ಬರೀ ಬೆಳಕಿನ ಮೊತ್ತ. ಶಾಖ, ತೇವ, ರಾತ್ರಿ ಯಾವುದೂ ಈ ಲೆಕ್ಕದಲ್ಲಿಲ್ಲ.

ನೀರಿನ ವಿಷಯದಲ್ಲಿ ಝೆನಾನ್ ತುಂಬಾ ನಾಜೂಕು. ಸಿಂಪಡಿಸುವ ನೀರಿನಲ್ಲಿ ಕರಗಿದ ಘನವಸ್ತು 1 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಪಾಲು), ಸಿಲಿಕಾ 0.2 ಪಿಪಿಎಂಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಸ್ಯಾಂಪಲ್ ಮೇಲೆ ಬಿಳಿ ಕಲೆ ಕಟ್ಟಿ, ಅದನ್ನೇ ಪುಡಿ ಏಳುವುದು ಅಂತ ತಿಳಿಯುವ ಅಪಾಯ ಇದೆ. ಕೋಲಾರದ ಕೊಳವೆಬಾವಿ ನೀರಿಗೆ ಸುಮ್ನೆ ಆರ್‌ಒ ಹಾಕಿದರೆ ಸಾಕಾಗುವುದಿಲ್ಲ, ಆರ್‌ಒ ಆದ ಮೇಲೆ ಉಳಿದ ಉಪ್ಪನ್ನೂ ತೆಗೆಯುವ ಡಿಅಯೊನೈಸರ್ ಬೇಕು. ದೀಪ, ಫಿಲ್ಟರ್, ಕರೆಂಟು, ನೀರು ಎಲ್ಲ ಸೇರಿ ಯಂತ್ರ ನಡೆಸುವ ಖರ್ಚು ದೊಡ್ಡದು. ಸಣ್ಣ ಕಾರ್ಖಾನೆಯವರು ಸ್ವಂತಕ್ಕೆ ಕೊಳ್ಳುವ ಯೋಚನೆ ಮಾಡುವುದು ಬೇಡ. ಹೊರಗಿನ ಲ್ಯಾಬ್‌ನಲ್ಲಿ ಮಾಡಿಸಿ.

18 ನಿಮಿಷದ ಸಿಂಪಡಣೆ ದಪ್ಪ ಲೇಪನದ ಒಳಗೆ ನೀರು ಇಳಿಯುವಷ್ಟು ಅಲ್ಲ ಅನ್ನುವುದು ಹಳೆಯ ಆಕ್ಷೇಪ. ಅದಕ್ಕೆ ಉತ್ತರವಾಗಿ 2013ರಲ್ಲಿ ಎಎಸ್‌ಟಿಎಂ ಡಿ7869 ಬಂತು. ವಾಹನ ಮತ್ತು ವಿಮಾನದ ಬಣ್ಣಗಳಿಗೆ ರಚಿಸಿದ್ದು. ಕತ್ತಲಲ್ಲಿ ಗಂಟೆಗಟ್ಟಲೆ ನೆನೆಸಿ, ಆಮೇಲೆ ಬೆಳಕು ಕೊಡುತ್ತದೆ. ಗುರಿ ಫ್ಲಾರಿಡಾದ ಫಲಿತಾಂಶಕ್ಕೆ ಹೊಂದುವುದು.

ಕನ್ನಡಿಗಳ ಪರೀಕ್ಷೆ, ಉಪ್ಪಿನ ಪರೀಕ್ಷೆ

ಅರಿಜೋನಾದಲ್ಲಿ ಹತ್ತು ಕನ್ನಡಿಗಳಿಂದ ಬಿಸಿಲನ್ನು ಒಟ್ಟುಮಾಡಿ, ಸೂರ್ಯನ ಹಿಂದೆ ತಿರುಗುತ್ತಾ ಸ್ಯಾಂಪಲ್ ಮೇಲೆ ಬೀಳಿಸುವ ವಿಧಾನ ಇದೆ. ಎಎಸ್‌ಟಿಎಂ ಜಿ90. ಅದು ನಿಜವಾದ ಬಿಸಿಲು, ವೇಗವೂ ಹೆಚ್ಚು. ಮೋಡವಿಲ್ಲದ ಆಕಾಶ ಬೇಕು, ಖರ್ಚೂ ಹೆಚ್ಚು. ವಿದೇಶಕ್ಕೆ ಕಳಿಸುವ ಮಾಲಿಗೆ ಖರೀದಿದಾರರು ಕೇಳಿದರೆ ಮಾತ್ರ ಯೋಚಿಸಿ.

ಸಾಲ್ಟ್ ಸ್ಪ್ರೇ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಎಎಸ್‌ಟಿಎಂ ಬಿ117ರಲ್ಲಿ 5 ಶೇಕಡ ಉಪ್ಪಿನ ನೀರನ್ನು 35 ಡಿಗ್ರಿಯಲ್ಲಿ ಮಂಜಿನ ಹಾಗೆ ಬಿಡುತ್ತಾರೆ. ಅದರಲ್ಲಿ ಬೆಳಕೇ ಇಲ್ಲ. "ನಮ್ಮ ಪೌಡರ್ 1000 ಗಂಟೆ ಸಾಲ್ಟ್ ಸ್ಪ್ರೇ ಪಾಸ್, ಬಿಸಿಲಿಗೂ ಏನೂ ಆಗಲ್ಲ" ಅನ್ನುವ ಮಾತು ಅಂಗಡಿಗಳಲ್ಲಿ ಕೇಳುತ್ತೇವೆ. ಎರಡಕ್ಕೂ ಸಂಬಂಧವೇ ಇಲ್ಲ. ಬೆಳಕು ಮತ್ತು ತುಕ್ಕು ಎರಡೂ ಮುಖ್ಯವಾದ ಮಾಲಿಗೆ, ಉದಾಹರಣೆಗೆ ಹೊಲದ ಸ್ಟಾರ್ಟರ್ ಪೆಟ್ಟಿಗೆ, ಗೇಟು, ಬೀದಿದೀಪದ ಕಂಬಕ್ಕೆ, ಎಎಸ್‌ಟಿಎಂ ಡಿ5894 ಇದೆ. ಒಂದು ವಾರ ಯುವಿ ಮತ್ತು ಇಬ್ಬನಿ, ಇನ್ನೊಂದು ವಾರ ಉಪ್ಪಿನ ಮಂಜು ಮತ್ತು ಒಣಗಿಸುವಿಕೆ, ಹೀಗೆ ಸರದಿ. ಬಿಸಿಲು ಮೊದಲು ಲೇಪನವನ್ನು ದುರ್ಬಲ ಮಾಡುತ್ತದೆ, ತುಕ್ಕು ಆಮೇಲೆ ಒಳಹೊಗುತ್ತದೆ. ಹೊಲದಲ್ಲಿ ನಡೆಯುವುದೂ ಹೀಗೇ.

ಯಂತ್ರಕ್ಕೆ ತಿಳಿಯದ ಸಂಗತಿಗಳು

ಚಿಕ್ಕಬಳ್ಳಾಪುರ, ಕೋಲಾರದ ಪಾಲಿಹೌಸ್ ರೈತರಿಗೆ ಈ ಭಾಗ ಬೇರೆಲ್ಲಕ್ಕಿಂತ ಮುಖ್ಯ. ಗುಲಾಬಿಗೆ, ದಪ್ಪ ಮೆಣಸಿನಕಾಯಿಗೆ ಬೂದಿ ರೋಗ ಬಂದರೆ ಗಂಧಕ ಹೊಡೆಯುತ್ತೇವೆ, ಇಲ್ಲವೇ ಹೊಗೆ ಹಾಕುತ್ತೇವೆ. ಪಾಲಿಥೀನ್ ಫಿಲ್ಮನ್ನು ಬಿಸಿಲಿನಿಂದ ಕಾಪಾಡುವ ಹಾಲ್ಸ್ ಅನ್ನುವ ಸ್ಟೆಬಿಲೈಸರ್ ಕ್ಷಾರ ಗುಣದ್ದು. ಗಂಧಕ, ಕ್ಲೋರಿನ್ ಇರುವ ಔಷಧಿಗಳು ಒಡೆದು ಆಮ್ಲ ಹುಟ್ಟಿಸುತ್ತವೆ. ಆಮ್ಲ ಹಾಲ್ಸ್ ಅನ್ನು ಕಟ್ಟಿಹಾಕುತ್ತದೆ. ಆಮೇಲೆ ಫಿಲ್ಮಿಗೆ ಕಾವಲುಗಾರನೇ ಇಲ್ಲ. ಲ್ಯಾಬ್‌ನಲ್ಲಿ ಸಾವಿರಾರು ಗಂಟೆ ನಿಂತ ಫಿಲ್ಮು ಹೊಲದಲ್ಲಿ ಎರಡನೇ ಬೇಸಿಗೆಗೇ ಹರಿಯುವುದಕ್ಕೆ ಇದು ಒಂದು ದೊಡ್ಡ ಕಾರಣ. ಫಿಲ್ಮ್ ಕಂಪನಿಗಳು ವಾರಂಟಿ ಕಾಗದದಲ್ಲಿ ಗಂಧಕ, ಕ್ಲೋರಿನ್ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಬರೆದಿರುತ್ತವೆ. ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ಓದಿ. ಇಂಥ ಔಷಧಿಗಳನ್ನು ತಾಳುವ ಬೇರೆ ಬಗೆಯ ಹಾಲ್ಸ್ ಕೂಡ ಈಗ ಇದೆ, ಬೆಲೆ ಜಾಸ್ತಿ. ಗುಲಾಬಿ ಬೆಳೆಯುವವರಾದರೆ ಕೊಳ್ಳುವ ಮುಂಚೆಯೇ ಇದನ್ನು ಕೇಳಬೇಕು.

ಫಿಲ್ಮ್ ತಯಾರಿಸುವವರು ನೀವಾದರೆ ಹೀಗೆ ಮಾಡಬಹುದು. ಸ್ಯಾಂಪಲ್ ಪಟ್ಟಿಗಳನ್ನು ಪರಿಚಯದ ರೈತರ ಪಾಲಿಹೌಸ್ ಒಳಗೆ, ಸೂರಿಗೆ ಹತ್ತಿರ ಕಟ್ಟಿ. ಒಂದು ಹಂಗಾಮು ಔಷಧಿಯ ಹೊಗೆಯಲ್ಲಿ ಇರಲಿ. ಆಮೇಲೆ ತಂದು ಯಂತ್ರಕ್ಕೆ ಹಾಕಿ, ಹೊಸ ಪಟ್ಟಿಯ ಜೊತೆ ಹೋಲಿಸಿ. ವ್ಯತ್ಯಾಸ ನೋಡಿದರೆ ಎದೆ ಧಸಕ್ಕನ್ನಬಹುದು, ಆದರೆ ನಿಮ್ಮ ಗಿರಾಕಿ ಅನುಭವಿಸುವುದು ಅದನ್ನೇ.

ಇನ್ನೊಂದು ಪಾಲಿಹೌಸ್ ಚೌಕಟ್ಟಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಶಾಖ. ಫಿಲ್ಮು ಮೊದಲು ಹರಿಯುವುದು ಪೈಪಿಗೆ ತಾಗುವ ಗೆರೆಯಲ್ಲೇ. ಬಿಸಿಲಿಗೆ ಕಾದ ಪೈಪು ಅಲ್ಲಿ ಫಿಲ್ಮನ್ನು ಬೇಯಿಸುತ್ತದೆ. ಪೈಪಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದರೆ ಆಯುಸ್ಸು ಹೆಚ್ಚುತ್ತದೆ. ಯಾವ ಯಂತ್ರದ ಚೌಕಟ್ಟಿನಲ್ಲೂ ಈ ಪೈಪ್ ಇರುವುದಿಲ್ಲ. ಚಾವಣಿಯ ಸ್ಟ್ಯಾಂಡಿನಲ್ಲಿ ಒಂದು ತುಂಡು ಪೈಪಿಟ್ಟು ಅದರ ಮೇಲೆ ಫಿಲ್ಮು ಎಳೆದು ಕಟ್ಟುವುದು ಐದು ನಿಮಿಷದ ಕೆಲಸ.

ನಿಮ್ಮ ಮಾಲಿಗೆ ಯಾವುದು?

ಶೇಡ್ ನೆಟ್, ಮಲ್ಚಿಂಗ್ ಶೀಟು, ಪಾಲಿಹೌಸ್ ಫಿಲ್ಮು ಮಾಡುವವರಿಗೆ ಯುವಿಎ-340 ದೀಪದ ಯಂತ್ರ ಮತ್ತು ಚಾವಣಿ. ಅಳೆಯಬೇಕಾದದ್ದು ಬಣ್ಣವನ್ನಲ್ಲ, ಹರಿಯುವ ಮುಂಚೆ ಎಷ್ಟು ಹಿಗ್ಗುತ್ತದೆ ಅನ್ನುವುದನ್ನು. ಹೊಸದರಲ್ಲಿದ್ದ ಹಿಗ್ಗು ಅರ್ಧಕ್ಕೆ ಇಳಿದರೆ ಫಿಲ್ಮಿನ ಆಯುಸ್ಸು ಮುಗಿಯಿತು ಅನ್ನುವುದು ಈ ಉದ್ಯಮದ ವಾಡಿಕೆ. ಎಳೆಯುವ ಬಲ ಚೆನ್ನಾಗಿಯೇ ಇರುತ್ತದೆ, ಹಿಗ್ಗು ಆಗಲೇ ಹೋಗಿರುತ್ತದೆ. ಬಲವನ್ನು ಮಾತ್ರ ಬರೆದ ವರದಿಯನ್ನು ನಂಬಬೇಡಿ.

ಕಪ್ಪು ಡ್ರಿಪ್ ಲ್ಯಾಟರಲ್, ಎಚ್‌ಡಿಪಿಇ ಪೈಪಿಗೆ ದೊಡ್ಡ ಯಂತ್ರದ ಅಗತ್ಯ ಕಡಿಮೆ. ಅಲ್ಲಿ ಕಾಪಾಡುವುದು ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಪುಡಿ. ಎಚ್‌ಡಿಪಿಇ ನೀರಿನ ಪೈಪಿನ ಮಾನದಂಡ ಐಎಸ್ 4984 ಅದು 2.5 ಶೇಕಡ ಇರಬೇಕು, 0.5ರಷ್ಟು ಹೆಚ್ಚೋ ಕಡಿಮೆಯೋ ಆಗಬಹುದು ಅನ್ನುತ್ತದೆ. ಅದು ಎಷ್ಟಿದೆ, ಸಮನಾಗಿ ಹರಡಿದೆಯಾ ಅಂತ ನೋಡುವ ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಅದನ್ನೇ ಮೊದಲು ಮಾಡಿಸಿ.

ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಹೊರುವ ಕ್ರೇಟುಗಳ ಕಥೆ ಬೇರೆ. ಅವುಗಳಿಗೆ ಬಿಸಿಲಿನ ಜೊತೆ ಏಟೂ ಬೀಳುತ್ತದೆ. ಲಾರಿಯಿಂದ ಎಸೆಯುತ್ತಾರೆ, ಒಂದರ ಮೇಲೊಂದು ಪೇರಿಸುತ್ತಾರೆ. ಯುವಿ ಯಂತ್ರದಿಂದ ತೆಗೆದ ಮೇಲೆ ಇಂಪ್ಯಾಕ್ಟ್ (ಏಟು ತಾಳುವ) ಪರೀಕ್ಷೆ ಮಾಡಿಸಬೇಕು. ಬರೀ ಬಣ್ಣ ನೋಡಿ ಪಾಸ್ ಮಾಡಿದರೆ ಪ್ರಯೋಜನ ಇಲ್ಲ. ರೀಸೈಕಲ್ ಪ್ಲಾಸ್ಟಿಕ್ಕಿನ ಕಾಳು (ದಾಣಿ) ಬೆರೆಸುವವರು ಬೆರಕೆ ಬದಲಾದಾಗಲೆಲ್ಲ ಹೀಗೆ ನೋಡಬೇಕು, ಯಾಕೆಂದರೆ ಹಳೆಯ ಮಾಲು ಆಗಲೇ ಬಿಸಿಲು ಕುಡಿದು ಬಂದಿರುತ್ತದೆ.

ಪೌಡರ್ ಕೋಟಿಂಗ್‌ನವರಿಗೆ ನನ್ನ ಮೊದಲ ಮಾತು ಪರೀಕ್ಷೆಯದಲ್ಲ. ಎಪಾಕ್ಸಿ-ಪಾಲಿಯೆಸ್ಟರ್ ಹೈಬ್ರಿಡ್ ಪೌಡರ್ ಮನೆಯೊಳಗಿನ ಮಾಲಿಗೆ ಮಾತ್ರ. ಅಗ್ಗ ಅಂತ ಅದನ್ನು ಗೇಟಿಗೆ, ಕಿಟಕಿ ಗ್ರಿಲ್ಲಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಪುಡಿ ಏಳುತ್ತದೆ. ಇದಕ್ಕೆ ಯಾವ ಲ್ಯಾಬೂ ಬೇಡ. ಶುದ್ಧ ಪಾಲಿಯೆಸ್ಟರ್, ಅದರಲ್ಲೇ ಹೆಚ್ಚು ಬಾಳುವ ಸೂಪರ್ ಡ್ಯೂರಬಲ್ ಇವೆರಡರ ನಡುವೆ ಆರಿಸುವುದಾದರೆ ಯುವಿಎ-340ರಲ್ಲಿ 60 ಡಿಗ್ರಿ ಕೋನದ ಹೊಳಪು ಅಳೆಯುತ್ತಾ ಹೋಗಿ. ಗಾಢ ಬಣ್ಣ ಆದರೆ ಝೆನಾನ್‌ನಲ್ಲೂ ಒಮ್ಮೆ ನೋಡಿ.

ಪಾವಗಡದ 13,000 ಎಕರೆ, 2050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಕೇಬಲ್ ಟೈ, ಪೆಟ್ಟಿಗೆ, ಕ್ಲಿಪ್ಪು ಒದಗಿಸಬೇಕು ಅನ್ನುವವರೂ ಇದ್ದಾರೆ. ಸೋಲಾರ್ ಪ್ಯಾನೆಲ್ಲಿನ ಮಾನದಂಡ ಐಇಸಿ 61215ರಲ್ಲಿ ಇರುವ ಯುವಿ ಹಂತ ಚದರ ಮೀಟರಿಗೆ 15 ಯೂನಿಟ್. ನಮ್ಮ ಲೆಕ್ಕದಲ್ಲಿ ಅದು ಎರಡು ತಿಂಗಳಿಗಿಂತ ಕಡಿಮೆ. ಅದು ಮುಂದಿನ ಪರೀಕ್ಷೆಗಳಿಗೆ ತಯಾರಿ ಮಾತ್ರ, ಇಪ್ಪತ್ತೈದು ವರ್ಷದ ಪ್ರಮಾಣಪತ್ರ ಅಲ್ಲ. "ಸೋಲಾರ್ ದರ್ಜೆ" ಅನ್ನುವ ಚೀಟಿ ನೋಡಿ ನೈಲಾನ್ ಟೈ ಕೊಳ್ಳಬೇಡಿ. ಕಪ್ಪು ಬಣ್ಣದ, ಯುವಿ ಸ್ಟೆಬಿಲೈಸ್ ಮಾಡಿದ್ದನ್ನೇ ಕೇಳಿ, ಪರೀಕ್ಷೆಯ ವರದಿ ತರಿಸಿಕೊಳ್ಳಿ.

ವರದಿ ಓದುವಾಗ

ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ನೋಡಿದರೆ ಸಾಲದು. ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ನೋಡಿ. ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಸಿಗುತ್ತದೆ.

ವರದಿಯಲ್ಲಿ ದೀಪದ ಹೆಸರು, ಫಿಲ್ಟರ್, ವ್ಯಾಟ್ ಲೆಕ್ಕದ ತೀವ್ರತೆ, ಬ್ಲ್ಯಾಕ್ ಪ್ಯಾನೆಲ್ (ಯಂತ್ರದೊಳಗೆ ಇಟ್ಟ ಕಪ್ಪು ತಗಡು) ಉಷ್ಣಾಂಶ, ಸೈಕಲ್ಲು, ಸ್ಯಾಂಪಲ್ಲಿನ ದಪ್ಪ, ಎಷ್ಟು ತುಂಡು ಇಟ್ಟಿದ್ದರು, ಇಷ್ಟೂ ಇರಬೇಕು. "ಯುವಿ ಪರೀಕ್ಷೆ 500 ಗಂಟೆ, ತೃಪ್ತಿಕರ" ಅನ್ನುವ ಒಂದೇ ಸಾಲಿನ ವರದಿಯಿಂದ ಏನೂ ತಿಳಿಯುವುದಿಲ್ಲ. ತೃಪ್ತಿ ಯಾರಿಗೆ, ಯಾವ ಅಳತೆಯಲ್ಲಿ? ಶುರುವಿನ ಹೊಳಪು ಎಷ್ಟಿತ್ತು, ಕೊನೆಗೆ ಎಷ್ಟು, ಬಣ್ಣದ ವ್ಯತ್ಯಾಸ ಎಷ್ಟು, ಹಿಗ್ಗು ಎಷ್ಟು ಉಳಿಯಿತು, ಈ ಸಂಖ್ಯೆಗಳನ್ನು ಕೇಳಿ ಪಡೆಯಿರಿ. ನಡುವೆ 250, 500, 750 ಗಂಟೆಗೂ ಅಳೆಯಲು ಹೇಳಿ. ಎಷ್ಟೋ ಪ್ಲಾಸ್ಟಿಕ್ಕುಗಳು ಸ್ಟೆಬಿಲೈಸರ್ ಮುಗಿಯುವ ತನಕ ಹಾಗೇ ಇದ್ದು, ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಕೊನೆಯ ಒಂದು ಅಳತೆಯಿಂದ ಆ ಕುಸಿತ ಹತ್ತಿರದಲ್ಲಿದೆಯೋ ದೂರದಲ್ಲಿದೆಯೋ ಗೊತ್ತಾಗುವುದಿಲ್ಲ.

ಸ್ಯಾಂಪಲ್ ಕಳಿಸುವಾಗ ಗೊತ್ತಿರುವ ಒಳ್ಳೆಯ ಮಾಲು, ಗೊತ್ತಿರುವ ಕೆಟ್ಟ ಮಾಲು ಎರಡನ್ನೂ ಅದೇ ಯಂತ್ರಕ್ಕೆ, ಅದೇ ದಿನ ಹಾಕಲು ಬರೆದುಕೊಡಿ. ಅವೆರಡೂ ಹೊರಗೆ ಇದ್ದ ಕ್ರಮದಲ್ಲೇ ಒಳಗೂ ಬಂದರೆ ಆ ಪರೀಕ್ಷೆ ನಿಮ್ಮ ಮಾಲಿಗೆ ಹೊಂದುತ್ತದೆ. ಕ್ರಮ ತಲೆಕೆಳಗಾದರೆ ಹೊಸ ಮಾಲಿನ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಡಿ. ಲ್ಯಾಬ್‌ನವರ ಜೊತೆ ಕೂತು ದೀಪ ಅಥವಾ ಸೈಕಲ್ ಬದಲಿಸಿ, ಮತ್ತೆ ಮಾಡಿಸಿ.